ಒಂದು ಗೇಣು ಎತ್ತರದ ತಕರಾರು

ಹವಾಲ್ದಾರರ ಖಾಕಿ ಪ್ಯಾಂಟಿನ ಎರಡೂ ತೊಡೆಗಳ ಮೇಲೆ ಅಡ್ಡಲಾಗಿ ಒಂದು ಹೊಳೆಯುವ ಗೆರೆ ಇರುತ್ತಿತ್ತು. ಇಸ್ತ್ರಿಯ ಗೆರೆಯಲ್ಲ, ಬಟ್ಟೆ ಸವೆದು ನುಣುಪಾಗಿ, ಬಿಸಿಲಿಗೆ ತಗಡಿನ ಹಾಗೆ ಮಿನುಗುತ್ತಿದ್ದ ಗೆರೆ. ಅವರು ಓಡಿಸುತ್ತಿದ್ದ ಪುಟ್ಟ ಲೋಡರ್ ಯಂತ್ರದಲ್ಲಿ, ಕೂತ ಮೇಲೆ ತಲೆಯ ಮೇಲಿಂದ ಎಳೆದು ತೊಡೆಗೆ ಇಳಿಸಿಕೊಳ್ಳಬೇಕಾದ ಒಂದು ಕಬ್ಬಿಣದ ಅಡ್ಡಪಟ್ಟಿ ಇತ್ತು. ಅದು ಇಳಿಯುವತನಕ ಯಂತ್ರದ ತೋಳು ಮೇಲೇಳಬಾರದು; ಕೂತವನ ಜೀವ ಉಳಿಯಲೆಂದೇ ಹಾಗೆ ಮಾಡಿರುತ್ತಾರೆ. ನಮ್ಮ ಸೈಟಿನಲ್ಲಿ ಅಂಥ ನಾಲ್ಕು ಯಂತ್ರಗಳಿದ್ದವು, ನಾಲ್ವರು ಆಪರೇಟರುಗಳಿದ್ದರು. ಆ ಗೆರೆ ಇದ್ದದ್ದು ಇವರೊಬ್ಬರ ಪ್ಯಾಂಟಿನ ಮೇಲೆ. ಉಳಿದ ಮೂವರು ಸ್ವಿಚ್ಚಿಗೆ ತಂತಿ ಸುತ್ತಿ, ಪಟ್ಟಿಯನ್ನು ಮೇಲಕ್ಕೆ ಕಟ್ಟಿಹಾಕಿ, ದಿನಕ್ಕೆ ನಲವತ್ತು ಸಲ ಅದನ್ನು ಎತ್ತಿ ಇಳಿಸುವ ಕಷ್ಟ ತಪ್ಪಿಸಿಕೊಂಡಿದ್ದರು. ನಮ್ಮ ಮ್ಯಾನೇಜರ್ ಅದನ್ನು ಜಾಣತನ ಎನ್ನುತ್ತಿದ್ದ. ಅವನಿಗೆ ಬಹುವಚನ ಕೊಡಲು ನನಗೆ ಇಂದಿಗೂ ಮನಸ್ಸಿಲ್ಲ.

ಹವಾಲ್ದಾರರಿಗೆ ಮಾತ್ರ ಬಹುವಚನ ತಾನಾಗಿ ಬರುತ್ತಿತ್ತು. ಕೊಡಗಿನವರು. ಸೈನ್ಯದ ಇಂಜಿನಿಯರ್ ದಳದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಗಡಿಯ ಬೆಟ್ಟಗಳಲ್ಲಿ ರಸ್ತೆ ಕಡಿದು, ಹವಾಲ್ದಾರ್ ಆಗಿ ನಿವೃತ್ತರಾಗಿದ್ದರು. ಮಗಳು ದೆಹಲಿಯ ಕಾಲೇಜಿನಲ್ಲಿ ಓದುತ್ತಿದ್ದಳೆಂದು ಊರಿಗೆ ಮರಳದೆ, ಮಯೂರ್ ವಿಹಾರದ ಸೊಸೈಟಿಗಳ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದರು. ಆರಡಿಗೂ ಮೇಲಿನ ಆಳು. ಕಪಾಟಿನಷ್ಟು ಅಗಲದ ಆ ಯಂತ್ರದೊಳಗೆ ಅವರು ಬಕೆಟ್ಟಿನ ಮೇಲೆ ಕಾಲಿಟ್ಟು, ಬೆನ್ನು ತಿರುಗಿಸಿ, ಹಿಮ್ಮುಖವಾಗಿ ತಮ್ಮನ್ನು ತಾವೇ ಮಡಚಿಕೊಂಡು ಕೂರುವುದನ್ನು ನೋಡಲು ಹೊಸಬರು ಕೆಲಸ ನಿಲ್ಲಿಸುತ್ತಿದ್ದರು.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ದೆಹಲಿಯ ಪೂರ್ವದ ಅಂಚಿನಿಂದ ಘಾಜಿಯಾಬಾದಿನ ಕಡೆ ಹೋಗುವ ಒಂದು ಹಳೆಯ ಹೆದ್ದಾರಿಯನ್ನು ಕಿತ್ತು, ಅಗಲ ಮಾಡಿ, ಮತ್ತೆ ಕಟ್ಟುವ ಕೆಲಸ. ಒಂದು ಬದಿಯಲ್ಲಿ ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರುಗಳು ಹರಿಯುತ್ತಲೇ ಇರಬೇಕು. ಇನ್ನೊಂದು ಬದಿಯ ಕಿರಿದಾದ ಪಟ್ಟಿಯಲ್ಲಿ ನಾವು ಅಗೆಯಬೇಕು. ದೊಡ್ಡ ಯಂತ್ರಗಳಿಗೆ ತಿರುಗಲು ಜಾಗವಿಲ್ಲದ ಕಡೆಗಳಲ್ಲೆಲ್ಲ, ಕಂಬಗಳ ಸಂದಿಯಲ್ಲಿ, ಚರಂಡಿಗಳ ಅಂಚಿನಲ್ಲಿ, ಮೋರಿಗಳ ಬಾಯಲ್ಲಿ, ಈ ಪುಟ್ಟ ಲೋಡರುಗಳು ನಿಂತಲ್ಲೇ ಗಿರಕಿ ಹೊಡೆದು ಮಣ್ಣೆತ್ತುತ್ತಿದ್ದವು. ನಾನು ದಾವಣಗೆರೆಯಲ್ಲಿ ಸಿವಿಲ್ ಓದಿ ಬಂದ ಇಪ್ಪತ್ಮೂರರ ಹುಡುಗಿ. ಮೊದಲ ನೌಕರಿ. ಇಂದಿರಾಪುರಂನಲ್ಲಿ ಇನ್ನಿಬ್ಬರ ಜೊತೆ ಒಂದು ಫ್ಲ್ಯಾಟು. ಸೈಟಿನಲ್ಲಿದ್ದ ಏಕೈಕ ಹೆಂಗಸು ಇಂಜಿನಿಯರ್ ನಾನು. ಹಾಗಾಗಿ ನನ್ನ ಮಾತನ್ನು ಎಲ್ಲರೂ ನಗುನಗುತ್ತ ಕೇಳಿಸಿಕೊಳ್ಳುತ್ತಿದ್ದರು, ಯಾರೂ ಪಾಲಿಸುತ್ತಿರಲಿಲ್ಲ.

ಮೊದಲ ವಾರವೇ ಒಬ್ಬ ಮೇಸ್ತ್ರಿ, ಚರಂಡಿಯ ಪಕ್ಕದ ಮಣ್ಣನ್ನು ಪದರ ಪದರವಾಗಿ ದಮ್ಮಸು ಬಡಿದು ಗಟ್ಟಿ ಮಾಡಿಸಿ ಎಂದು ನಾನು ಮೂರು ಸಲ ಹೇಳಿದರೂ, "ಹೋ ಜಾಯೇಗಾ ಮೇಡಂಜೀ", ಆಗುತ್ತೆ ಬಿಡಿ, ಎಂದು ಬೀಡಿ ಹಚ್ಚಿದ. ನಾನು ಆ ಕಡೆ ತಿರುಗಿ, "ಇವನ ಬಾಯಿಗೆ ಮಣ್ಣು ಹಾಕ" ಎಂದು ಗೊಣಗಿದೆ. ಅಲ್ಲಿ ಯಾರಿಗೆ ಕನ್ನಡ ತಿಳಿಯಬೇಕು ಎಂಬ ಧೈರ್ಯ. ಪಕ್ಕದಲ್ಲಿ ನಿಂತಿದ್ದ ಲೋಡರಿನ ಒಳಗಿಂದ ಗಂಭೀರವಾದ ದನಿ ಬಂತು:

"ಮಣ್ಣು ನನ್ನ ಹತ್ರ ಬೇಕಾದಷ್ಟಿದೆ ಮೇಡಂ. ಎಲ್ಲಿ ಸುರೀಲಿ ಹೇಳಿ."

ನಾನು ಬೆಚ್ಚಿಬಿದ್ದೆ. ಅವರು ನಗಲೂ ಇಲ್ಲ. ಇಳಿದು ಬಂದು ಆ ಮೇಸ್ತ್ರಿಯ ಮುಂದೆ ಸುಮ್ಮನೆ ನಿಂತರು, ಅಷ್ಟೆ. ಅವನು ಬೀಡಿ ಆರಿಸಿದ. ಆ ದಿನ ಮಣ್ಣು ಪದರ ಪದರವಾಗಿಯೇ ಬಿತ್ತು.

ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಅವರು ಯಂತ್ರದ ಸುತ್ತ ಮೂರು ಸಲ ನಡೆಯುತ್ತಿದ್ದರು. ಮೊದಲ ಸುತ್ತಿನಲ್ಲಿ ಟೈರು ನೋಡುವುದು, ಎರಡನೆಯದರಲ್ಲಿ ಎಣ್ಣೆಯ ಪೈಪುಗಳನ್ನು ಮುಟ್ಟಿ ನೋಡುವುದು, ಮೂರನೆಯದು ಯಾಕೆ ಎಂದು ಕೇಳಿದರೆ, "ಮೊದಲೆರಡರಲ್ಲಿ ನೋಡದೆ ಬಿಟ್ಟಿದ್ದನ್ನ ನೋಡೋಕೆ" ಎನ್ನುತ್ತಿದ್ದರು. ದೊಡ್ಡ ಅಗೆಯುವ ಯಂತ್ರಗಳ ಡ್ರೈವರುಗಳು ಇವರ ಲೋಡರನ್ನು "ಖಿಲೋನಾ" ಎಂದು, ಅಂದರೆ ಮಕ್ಕಳ ಆಟಿಕೆ ಎಂದು ಹಂಗಿಸುತ್ತಿದ್ದರು. ಹವಾಲ್ದಾರರಿಗೆ ಸಿಟ್ಟು ಬರುತ್ತಿದ್ದದ್ದು ಆ ಒಂದು ಮಾತಿಗೆ.

"ದೊಡ್ಡ ಯಂತ್ರ ಕಂಡ್ರೆ ಜನ ಹೆದರಿ ದೂರ ನಿಲ್ತಾರೆ ಮೇಡಂ. ಚಿಕ್ಕದು ಅಂದ್ರೆ ಸಲಿಗೆ. ಬಕೆಟ್ ಕೆಳಗೆ ಕೂತು ಊಟ ಮಾಡ್ತಾರೆ. ಕೈ ಹಾಕ್ತಾರೆ, ತಲೆ ಹಾಕ್ತಾರೆ. ಸಲಿಗೆಯಿಂದ ಸತ್ತವರನ್ನ ನಾನು ಬೇಕಾದಷ್ಟು ನೋಡಿದೀನಿ."

ಎರಡು ತಿಂಗಳಾಗಿರಬೇಕು, ಒಂದು ಮಧ್ಯಾಹ್ನ ಅವರು ನನ್ನನ್ನು ಸಾಮಾನಿನ ಯಾರ್ಡಿಗೆ ಕರೆದುಕೊಂಡು ಹೋಗಿ, ಯಂತ್ರದ ಮುಂದೆ ನಿಲ್ಲಿಸಿ, "ಹತ್ತಿ" ಎಂದರು. ನಾನು ನಕ್ಕೆ. ಅವರು ಮತ್ತೆ "ಹತ್ತಿ" ಎಂದರು.

"ನಾನ್ಯಾಕೆ ಓಡಿಸ್ಬೇಕು ಹವಾಲ್ದಾರ್ ಸಾಬ್?"

"ಒಂದು ಸಲನಾದ್ರೂ ಒಳಗೆ ಕೂರದೆ ಇನ್ನೊಬ್ಬನಿಗೆ ಕೂರು ಅನ್ನಬಾರದು. ಅದಕ್ಕೆ."

ಹದಿನೈದು ದಿನ, ಊಟದ ಬಿಡುವಿನಲ್ಲಿ ಕಾಲು ಗಂಟೆ ಹೇಳಿಕೊಟ್ಟರು. ಎರಡು ಸನ್ನೆಕೋಲುಗಳು ಎರಡು ಕೈಗೆ, ತೋಳೆತ್ತಲು ಒಂದು ಪಾದ, ಬಕೆಟ್ ಬಗ್ಗಿಸಲು ಇನ್ನೊಂದು ಪಾದ. ಅಡ್ಡಪಟ್ಟಿ ತೊಡೆಗೆ ಒತ್ತುತ್ತಿತ್ತು. ಎರಡೂ ಬದಿ, ನೆತ್ತಿಯ ಮೇಲೆ ಕಬ್ಬಿಣದ ಪಂಜರ. ಸೆಕೆಗೆ ಬೆವರು ಕಣ್ಣಿಗಿಳಿಯುತ್ತಿತ್ತು. ಆದರೂ ಆ ಪಂಜರದೊಳಗೆ ಒಂದು ಭದ್ರತೆ ಇತ್ತು; ಹೊರಗೆ ನಿಂತು ಕಾಗದದಲ್ಲಿ ಓದಿದರೆ ಅದು ತಿಳಿಯುವುದಿಲ್ಲ. ಮ್ಯಾನೇಜರ್ ಒಂದು ದಿನ ನೋಡಿ, "ಇಂಜಿನಿಯರ್ ಮೇಡಂ ಡ್ರೈವರ್ ಆಗ್ತಾರಾ?" ಎಂದು ನಾಲ್ಕು ಜನರೆದುರು ನಗಾಡಿದ. ಹವಾಲ್ದಾರರು ಹಿಂದಿಯಲ್ಲಿ, ಸಲ್ಯೂಟಿನಷ್ಟೇ ವಿನಯದಿಂದ, "ಸಾಹೇಬರೂ ಕಲಿಯಬಹುದು, ನಾನು ಹೇಳಿಕೊಡುತ್ತೇನೆ" ಎಂದರು. ಅವನು ಆಮೇಲೆ ಆ ಕಡೆ ಬರಲಿಲ್ಲ.

ಭಾನುವಾರಗಳಲ್ಲಿ ಅವರ ಮನೆಗೆ ಊಟಕ್ಕೆ ಹೋಗುವುದು ಅಭ್ಯಾಸವಾಯಿತು. ಅಲ್ಲಿ ಅವರು ನನಗೆ ಅಂಕಲ್, ನಾನು ಅವರಿಗೆ "ಮಗಳೇ". ಅವರ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಚಿಕ್ಕ ಮೈಯ, ಕಮ್ಮಿ ಮಾತಿನ ಹೆಂಗಸು. ಅಕ್ಕಿ ರೊಟ್ಟಿ ತಟ್ಟಿ, ಎಳ್ಳಿನ ಚಟ್ನಿ ಬಡಿಸಿ, ತಟ್ಟೆ ಖಾಲಿಯಾಗುವ ಮುಂಚೆ ಇನ್ನೊಂದು ಹಾಕಿಬಿಡುವವರು. ಗಂಡ ಗಡಿಯ ಕತೆ ಶುರು ಮಾಡಿದರೆ, "ಇವರಿಗೆ ಸುಳ್ಳು ಹೇಳೋಕೆ ಬರಲ್ಲ, ಆದ್ರೆ ಉದ್ದ ಮಾಡೋಕೆ ಬರುತ್ತೆ" ಎನ್ನುತ್ತಿದ್ದರು. ಆ ಮಾತಿನ ಮೊದಲರ್ಧ ಎಷ್ಟು ನಿಜ ಎಂದು ನನಗೆ ಗೊತ್ತಾಗುವ ದಿನ ದೂರವಿರಲಿಲ್ಲ.

ನನ್ನ ಪಾಲಿನ ರಸ್ತೆಯಲ್ಲಿ ಒಂದು ಹಳೆಯ ಮೋರಿ ಇತ್ತು. ಹೆದ್ದಾರಿಯ ಅಡಿಯಲ್ಲಿ ಈ ಬದಿಯಿಂದ ಆ ಬದಿಗೆ ನಾಲೆಯ ನೀರು ಹಾಯುವ ಚೌಕಾಕಾರದ ಕಾಂಕ್ರೀಟ್ ಸುರಂಗ. ಮೇಲೆ ರಸ್ತೆ ಅಗಲವಾಗುವ ಮುಂಚೆ ಒಳಗಿನ ಹೂಳು ತೆಗೆದು ಅದನ್ನು ಬಲಪಡಿಸಬೇಕಿತ್ತು. ವರ್ಷಗಟ್ಟಲೆಯ ಹೂಳು, ಅದರೊಳಗೆ ಇಟ್ಟಿಗೆ ಚೂರು, ಪ್ಲಾಸ್ಟಿಕ್ಕು, ಸತ್ತ ಪ್ರಾಣಿಗಳ ಮೂಳೆ. ಚಾವಣಿಯಲ್ಲಿ ಎರಡು ಕಡೆ ಬಿರುಕು ಬಿಟ್ಟು ಒಳಗಿನ ಕಂಬಿ ತುಕ್ಕು ಹಿಡಿದು ಕಾಣುತ್ತಿತ್ತು. ಒಳಗೆ ಹೋಗಬಲ್ಲ ಯಂತ್ರ ಎಂದರೆ ಈ ಪುಟ್ಟ ಲೋಡರ್ ಒಂದೇ. ಅಳೆದು ನೋಡಿದೆವು. ಹೂಳಿನ ಮೇಲೆ ನಿಂತರೆ ಯಂತ್ರದ ಪಂಜರ ಚಾವಣಿಗಿಂತ ಒಂದು ಗೇಣು ಎತ್ತರವಾಗುತ್ತಿತ್ತು.

ಒಂದೇ ಒಂದು ಗೇಣು.

ಹವಾಲ್ದಾರರು ಮೋರಿಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು, ಕೋಲಿನಿಂದ ಹೂಳನ್ನು ಚುಚ್ಚಿ ನೋಡಿ, ಎದ್ದು ಬಂದು ಮ್ಯಾನೇಜರಿಗೆ ದಾರಿಯನ್ನೂ ಹೇಳಿದರು. ಮೊದಲು ಆಳುಗಳಿಂದ ಒಂದು ಗೇಣು ಹೂಳನ್ನು ಕೈಯಲ್ಲಿ ತೆಗೆಸಿ. ಬಿರುಕಿನ ಕೆಳಗೆ ಕಬ್ಬಿಣದ ಆಸರೆ ಕೊಡಿ. ಯಂತ್ರ ತಾನಾಗಿ ಒಳಗೆ ಹೋಗುತ್ತದೆ. ಹತ್ತು ದಿನದ ಕೆಲಸ.

"ಆರು ದಿನಕ್ಕೆ ಮಂತ್ರಿಗಳು ಕೆಲಸ ನೋಡೋಕೆ ಬರ್ತಿದಾರೆ" ಎಂದ ಮ್ಯಾನೇಜರ್. "ಅಷ್ಟರೊಳಗೆ ಈ ಮೋರಿ ಮುಗಿದಿರಬೇಕು. ಹತ್ತು ದಿನ ಎಲ್ಲಿಂದ ತರಲಿ?" ಯಂತ್ರದ ಪಂಜರದ ಮೇಲೆ ಬೆರಳಿನಿಂದ ಟಕಟಕ ಬಡಿದು, "ಇದನ್ನ ಕತ್ತರಿಸಿ ತೆಗೀರಿ. ಗ್ಯಾಸ್ ಕಟರ್ ಇದೆಯಲ್ಲ. ಕೆಲಸ ಆದ ಮೇಲೆ ವೆಲ್ಡ್ ಮಾಡಿದರಾಯ್ತು" ಎಂದ. ಕೂದಲು ಕತ್ತರಿಸಿಕೊಂಡು ಬಾ ಎಂದಷ್ಟು ಹಗುರವಾಗಿ.

ಹವಾಲ್ದಾರರ ಉತ್ತರ ನನಗೆ ಅಕ್ಷರ ಅಕ್ಷರವೂ ನೆನಪಿದೆ. "ಸಾಬ್, ಯೇ ಟೋಪಿ ನಹೀ ಹೈ. ಯೇ ಖೋಪಡಿ ಹೈ." ಇದು ಟೋಪಿಯಲ್ಲ, ತೆಗೆದು ಪಕ್ಕಕ್ಕಿಡಲು, ಇದು ತಲೆಬುರುಡೆ.

"ನಿನಗೆ ಭಯವಾದರೆ ಬೇರೆಯವನು ಓಡಿಸ್ತಾನೆ."

"ಭಯ ಹೌದು ಸಾಬ್. ಭಯ ಇರೋದಕ್ಕೇ ಇಷ್ಟು ವರ್ಷ ಬದುಕಿದೀನಿ. ಬೇರೆಯವನು ಓಡಿಸಬೇಕಾದರೂ ಇದನ್ನ ಕತ್ತರಿಸಬೇಡಿ."

ಅವರನ್ನು ಅದೇ ದಿನ ಯಂತ್ರದಿಂದ ಇಳಿಸಿ ಸ್ಟೋರಿನ ಗೇಟಿಗೆ ಹಾಕಿದರು. ಬಂದುಹೋಗುವ ಸಿಮೆಂಟು ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ. ಇಪ್ಪತ್ತೆರಡು ವರ್ಷ ಬೆಟ್ಟ ಕಡಿದವರಿಗೆ ಒಂದು ಸ್ಟೂಲು, ಒಂದು ರಿಜಿಸ್ಟರು. ಅವರ ಜಾಗಕ್ಕೆ ಪೂರ್ವದ ಉತ್ತರ ಪ್ರದೇಶದಿಂದ ಬಂದಿದ್ದ ಒಬ್ಬ ಆಪರೇಟರನ್ನು ತಂದರು. ಮೂವತ್ತರ ಆಸುಪಾಸಿನವನು, ಸೇರಿ ತಿಂಗಳೂ ಆಗಿರಲಿಲ್ಲ. ಆಗುವುದಿಲ್ಲ ಎಂದರೆ ನೌಕರಿ ಇರುವುದಿಲ್ಲ ಎಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಜೆಯ ಒಳಗೆ ಪಂಜರ ಕತ್ತರಿಸಿ ಆಯಿತು. ಜೊತೆಗೆ ಅಡ್ಡಪಟ್ಟಿಯೂ ಹೋಯಿತು, ಅದು ಪಂಜರಕ್ಕೇ ಕೂತಿತ್ತು. ಸ್ವಿಚ್ಚಿನ ತಂತಿಗಳನ್ನು ನೇರವಾಗಿ ಜೋಡಿಸಿದರು. ತಲೆ ತೆಗೆದ ಕೋಳಿಯ ಹಾಗೆ ಕಾಣುತ್ತಿತ್ತು ಯಂತ್ರ. ನಾನು ನೋಡುತ್ತ ನಿಂತಿದ್ದೆ. ನಾನು ಆ ಭಾಗದ ಇಂಜಿನಿಯರ್. "ಸರ್, ಇದು ಸೇಫ್ ಅಲ್ಲ ಅನಿಸುತ್ತೆ" ಎಂದು ಒಂದೇ ಒಂದು ವಾಕ್ಯ ಹೇಳಿದೆ. 'ಅನಿಸುತ್ತೆ' ಎಂಬ ಬಾಲವನ್ನೂ ಸೇರಿಸಿದೆ, ನಾಚಿಕೆಯಾಗಬೇಕು ನನಗೆ.

ಹವಾಲ್ದಾರರು ಗೇಟಿನಲ್ಲಿ ಕೂತು ರಿಜಿಸ್ಟರಿನಿಂದ ಎರಡು ಹಾಳೆ ಹರಿದು, ಹಿಂದಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಮೂರು ಸಾಲು ಬರೆದಿದ್ದರು. ಮ್ಯಾನೇಜರ್ ಸಾಹೇಬರ ಬಾಯಿಮಾತಿನ ಆದೇಶದಂತೆ ಮೂರನೇ ನಂಬರ್ ಯಂತ್ರದ ಪಂಜರ ಕತ್ತರಿಸಲಾಗಿದೆ. ಮೋರಿಯ ಚಾವಣಿಯಲ್ಲಿ ಬಿರುಕಿದೆ. ಹೀಗೆ ಒಳಗೆ ಹೋದರೆ ಆಪರೇಟರನ ಜೀವಕ್ಕೆ ಅಪಾಯ, ನಾನು ಒಪ್ಪಿಲ್ಲ. ಕೆಳಗೆ ಸಹಿ, ತಾರೀಖು. ಒಂದು ಪ್ರತಿಯನ್ನು ಆಫೀಸಿನಲ್ಲಿ ಕೊಟ್ಟರೆ ಅಲ್ಲಿನ ಗುಮಾಸ್ತ ಅದನ್ನು ಮುಟ್ಟಲೂ ಇಲ್ಲವಂತೆ. ಇನ್ನೊಂದನ್ನು ಹಿಡಿದು ನನ್ನ ಬಳಿ ಬಂದರು.

"ನೀವೂ ನೋಡಿದೀರಲ್ಲ ಮೇಡಂ. 'ಸೈಟ್ ಇಂಜಿನಿಯರ್ ನೋಡಿದ್ದಾರೆ' ಅಂತ ಒಂದು ಸಹಿ ಹಾಕಿ. ಇಂಜಿನಿಯರ್ ಸಹಿ ಇದ್ರೆ ಅವರು ನಾಳೆ ಯಂತ್ರ ಇಳಿಸೋಕೆ ಯೋಚನೆ ಮಾಡ್ತಾರೆ."

ನಾನು ಇನ್ನೂ ಪ್ರೊಬೇಷನ್ನಿನಲ್ಲಿದ್ದೆ. ಓದಿದೆ. ಎರಡು ಸಲ ಓದಿದೆ. "ನಾಳೆ ಬೆಳಿಗ್ಗೆ ಹೇಳ್ತೀನಿ" ಎಂದೆ.

ಅವರು ಒತ್ತಾಯ ಮಾಡಲಿಲ್ಲ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು, "ಬೆಳಿಗ್ಗೆ ಯಂತ್ರ ಒಳಗೆ ಹೋಗಿರುತ್ತೆ" ಎಂದಷ್ಟೇ ಹೇಳಿ ಗೇಟಿಗೆ ಹೊರಟುಹೋದರು.

ಬೆಳಿಗ್ಗೆ ಯಂತ್ರ ಒಳಗೆ ಹೋಯಿತು. ನಾನು ಏನೂ ಹೇಳಲಿಲ್ಲ. ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಮ್ಯಾನೇಜರ್ ಬಂದು ನೋಡಿ, ನನ್ನ ಕಡೆ ತಿರುಗಿ, "ನೋಡಿದ್ರಾ?" ಎಂದು ಹುಬ್ಬೇರಿಸಿ ಹೋದ. ನನಗೆ ಸಮಾಧಾನವಾಯಿತು. ಅದನ್ನೂ ಬರೆಯಬೇಕು: ನನಗೆ ನಿಜಕ್ಕೂ ಸಮಾಧಾನವಾಯಿತು.

ಮೂರು ಗಂಟೆಯ ಸುಮಾರಿಗೆ ಒಳಗೆ ದೊಪ್ಪೆಂಬ ಸದ್ದು, ಆಮೇಲೆ ಯಂತ್ರ ನಿಂತುಹೋದ ಮೌನ. ಬಿರುಕಿನ ಕಡೆಯ ಚಾವಣಿಯಿಂದ ಮೇಜಿನಷ್ಟಗಲದ ಕಾಂಕ್ರೀಟ್ ಹೋಳು ಕಳಚಿ ಆಪರೇಟರನ ಬೆನ್ನಿಗೆ ಬಡಿದಿತ್ತು. ತಡೆಯಬೇಕಾಗಿದ್ದ ಪಂಜರ ಯಾರ್ಡಿನ ಮೂಲೆಯಲ್ಲಿ ಬಿದ್ದಿತ್ತು. ಅವನು ಬಕೆಟ್ಟಿನ ಮೇಲಿಂದ ಮುಂದಕ್ಕೆ ಹೂಳಿಗೆ ಬಿದ್ದಿದ್ದ. ಹೋಳು ಜಾರಿ ಅವನ ಕಾಲುಗಳ ಮೇಲೆ ಕೂತಿತ್ತು. ಕೂಗುತ್ತಿದ್ದ. ಒಳಗೆ ಓಡಿದ ಆಳುಗಳು ನಾಲ್ವರು ಸೇರಿ ಎಳೆದರೂ ಅದು ಅಲುಗಲಿಲ್ಲ. ದೊಡ್ಡ ಯಂತ್ರಗಳು ಮೋರಿಯ ಬಾಯಿಗೆ ಬಂದು ನಿಂತವು, ಒಳಗೆ ಹೋಗಲಾರವು. ಮ್ಯಾನೇಜರ್ ಫೋನಿನಲ್ಲಿ ಯಾರನ್ನೋ ಕರೆಯುತ್ತ ಆಚೆ ಆಚೆ ಸರಿಯುತ್ತಿದ್ದ.

ಗೇಟಿನಿಂದ ಹವಾಲ್ದಾರರು ಓಡಿಬಂದರು. ಐವತ್ತು ದಾಟಿದ ಮನುಷ್ಯ ಹಾಗೆ ಓಡಿದ್ದನ್ನು ನಾನು ಮತ್ತೆ ನೋಡಿಲ್ಲ. ಮೋರಿಯ ಬಾಯಲ್ಲಿ ಒಂದು ಕ್ಷಣ ನಿಂತು ಚಾವಣಿ ನೋಡಿದರು. ಆಮೇಲೆ ನೇರ ಒಳಗೆ ಹೋಗಿ, ಬೆನ್ನು ಬಗ್ಗಿಸಿ, ಆ ಕತ್ತರಿಸಿದ ಯಂತ್ರಕ್ಕೇ ಹತ್ತಿದರು. ಕೂರುವುದಿಲ್ಲ ಎಂದು ಹೇಳಿ ಕೆಲಸ ಕಳೆದುಕೊಂಡಿದ್ದ ಯಂತ್ರ. ಮೇಲೆ ಅದೇ ಬಿರುಕು, ಇನ್ನೂ ಉದುರುತ್ತಿದ್ದ ಪುಡಿ, ತಲೆಯ ಮೇಲೆ ಏನೂ ಇಲ್ಲ.

ನಾನು ಮೋರಿಯ ಬಾಯಲ್ಲೇ ನಿಂತಿದ್ದೆ. ಅವರು ಕನ್ನಡದಲ್ಲಿ ಕೂಗಿದರು:

"ಮಗಳೇ, ಅಲ್ಲೇ ನಿಲ್ಲು! ನನ್ನ ನೋಡ್ಬೇಡ, ಚಾವಣಿ ನೋಡು. ದೊಡ್ಡದು ಅಲುಗಿದ್ರೆ ಕೂಗು!"

ಇಂಜಿನ್ ಶುರುವಾಯಿತು. ಅವರು ಬಕೆಟ್ಟಿನ ಅಂಚನ್ನು ಹೋಳಿನ ಅಡಿಗೆ ತೂರಿಸಿದ್ದು ಮಗುವಿನ ಬಾಯಿಗೆ ಚಮಚ ಇಟ್ಟಷ್ಟು ನಿಧಾನವಾಗಿ. ನಾನು ಚಾವಣಿಯನ್ನೇ ನೋಡುತ್ತಿದ್ದೆ. ಕಣ್ಣಿನ ರೆಪ್ಪೆ ಬಡಿದರೆ ಏನಾದೀತೋ ಎಂದು ಬಡಿಯಲೂ ಇಲ್ಲ. ಹೋಳು ಒಂದಿಷ್ಟು ಎದ್ದಿತು. "ಖೀಂಚೋ!" ಎಂದರು. ಆಳುಗಳು ಆಪರೇಟರನನ್ನು ಎಳೆದುಕೊಂಡರು. ಅವನನ್ನು ಹೊರಗೆ ತಂದ ಮೇಲೆ ಹವಾಲ್ದಾರರು ಹೋಳನ್ನು ಮೆಲ್ಲನೆ ಕೆಳಗಿಳಿಸಿ, ಇಂಜಿನ್ ಆರಿಸಿ, ಇಳಿದು ಬಂದರು. ಬಿಸಿಲಿಗೆ ಬಂದ ಮೇಲೆ ನಾನು ಅವರಿಗೆ ಒಂದು ಲೋಟ ನೀರು ಕೊಟ್ಟೆ. ಅವರು ಕುಡಿದು, ಲೋಟ ನನ್ನ ಕೈಗಿಟ್ಟು, ಆಪರೇಟರನನ್ನು ಮಲಗಿಸಿದ್ದ ಕಡೆಗೆ ನಡೆದರು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಪರೇಟರ್ ಬದುಕಿದ. ಬೆನ್ನುಮೂಳೆಗೆ ಪೆಟ್ಟಾಗಿತ್ತು, ಸೊಂಟದಿಂದ ಕೆಳಗೆ ಮತ್ತೆ ಸ್ವಾಧೀನಕ್ಕೆ ಬರಲಿಲ್ಲ. ಇಷ್ಟೆಲ್ಲ ಯಾರಿಗಾಗಿ ನಡೆಯಿತೋ ಆ ಮಂತ್ರಿಗಳ ಭೇಟಿ ಐದು ವಾರ ಮುಂದಕ್ಕೆ ಹೋಯಿತು. ಹತ್ತು ದಿನ ಕೊಡಲಾಗದ ಕೆಲಸಕ್ಕೆ ಈಗ ಐದು ವಾರ! ಆ ಸುದ್ದಿ ಕೇಳಿದ ದಿನ ನನಗೆ ಬಂದ ಸಿಟ್ಟು, ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯುವಾಗಲೂ ಆರಿಲ್ಲ.

ನಾಲ್ಕನೇ ದಿನ ಮ್ಯಾನೇಜರ್ ನನ್ನನ್ನು ಕರೆದು, ಟೈಪಾದ ವರದಿಯೊಂದನ್ನು ಮುಂದಿಟ್ಟ. ಆಪರೇಟರ್ ತನ್ನ ಅನುಕೂಲಕ್ಕಾಗಿ, ಯಾರ ಅನುಮತಿಯನ್ನೂ ಪಡೆಯದೆ ಪಂಜರ ತೆಗೆದಿದ್ದ ಎಂದು ಅದರಲ್ಲಿತ್ತು. ಆಸ್ಪತ್ರೆಯಲ್ಲಿ ಕಾಲು ಅಲುಗಿಸಲಾಗದೆ ಮಲಗಿದ್ದವನ ಮೇಲೆ ಈ ಸುಳ್ಳು. ನನ್ನ ಹೆಸರು ಮೊದಲೇ ಅಚ್ಚಾಗಿತ್ತು, ಸಹಿಗೆ ಜಾಗ ಬಿಟ್ಟಿದ್ದರು. "ಫಾರ್ಮಾಲಿಟಿ" ಎಂದ. "ನಿಮ್ಮ ಕನ್ಫರ್ಮೇಷನ್ ಕಾಗದವೂ ನನ್ನ ಟೇಬಲ್ ಮೇಲೇ ಇದೆ, ಸಂಜೆ ಎರಡನ್ನೂ ಒಟ್ಟಿಗೇ ಮುಗಿಸೋಣ."

ನಾನು ಆ ವರದಿಯನ್ನು ಹಿಡಿದು ನೇರ ಗೇಟಿಗೆ ಹೋದೆ. ಹವಾಲ್ದಾರರು ಸ್ಟೂಲಿನ ಮೇಲೆ ಕೂತಿದ್ದರು. "ಅಂಕಲ್, ಅವತ್ತಿನ ಕಾಗದ ಕೊಡಿ, ಸಹಿ ಹಾಕ್ತೀನಿ" ಎಂದೆ. ಅವರು ಜೇಬಿನಿಂದ ತೆಗೆದುಕೊಟ್ಟರು. ನಾನು ಸಹಿ ಮಾಡಿ, ಕೆಳಗೆ ಪಂಜರ ಕತ್ತರಿಸಿದ ದಿನದ ತಾರೀಖನ್ನೇ ಬರೆಯಲು ಹೊರಟೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಏನು ಬರೀತಿದೀಯ?"

"ಅವತ್ತಿನ ತಾರೀಖು. ಅವತ್ತೇ ಸಹಿ ಮಾಡಿದ್ದೆ ಅಂದ್ರೆ ಕೇಸು ಗಟ್ಟಿಯಾಗುತ್ತಲ್ಲ."

"ಅವತ್ತು ನೀನು ಮಾಡ್ಲಿಲ್ಲ ಮಗಳೇ." ದನಿಯಲ್ಲಿ ಕೋಪವಿರಲಿಲ್ಲ. "ಇವತ್ತಿನ ತಾರೀಖು ಹಾಕು. ಯಾಕೆ ಅವತ್ತು ಮಾಡ್ಲಿಲ್ಲ ಅಂತ ಕೇಳಿದ್ರೆ ಅದನ್ನೂ ಹೇಳು. ಅವರ ಸುಳ್ಳಿಗೆ ನಮ್ಮ ಸುಳ್ಳು ಸೇರಿಸಿದ್ರೆ, ಆ ಮನುಷ್ಯನ ಕಡೆ ನಿಜ ಅಂತ ಏನು ಉಳೀತು?"

ಇವತ್ತಿನ ತಾರೀಖು ಹಾಕಿದೆ. ಕಣ್ಣೀರು ಬಿದ್ದು ಒಂದು ಅಂಕಿ ಕದಡಿತು. ಮ್ಯಾನೇಜರನ ವರದಿಯನ್ನು ಸಹಿ ಇಲ್ಲದೆ ಹಿಂದಿರುಗಿಸಿ, ನಡೆದದ್ದನ್ನೆಲ್ಲ ಬರೆದು, ಹವಾಲ್ದಾರರ ಕಾಗದದ ನಕಲು ಲಗತ್ತಿಸಿ ತನಿಖೆಗೆ ಬಂದ ಅಧಿಕಾರಿಗೆ ಕೊಟ್ಟೆ. ತಿಂಗಳೊಳಗೆ ನಮ್ಮಿಬ್ಬರ ಕೆಲಸವೂ ಹೋಯಿತು. ನನಗೆ 'ಕಾರ್ಯಕ್ಷಮತೆ ಸಾಲದು' ಎಂದು ಕಾಗದ ಬಂತು. ಅವರಿಗೆ ಕಾಗದವೂ ಇಲ್ಲ, ಗೇಟಿನಲ್ಲಿ ಇನ್ನೊಬ್ಬ ಕೂತಿದ್ದ, ಅಷ್ಟೆ. ಮ್ಯಾನೇಜರ್ ಬಡ್ತಿ ಪಡೆದು ಇನ್ನೊಂದು ಹೆದ್ದಾರಿಗೆ ಹೋದ. ಅಲ್ಲಿಯೂ ಪುಟ್ಟ ಯಂತ್ರಗಳಿದ್ದಿರಬೇಕು.

ರಸ್ತೆ ಉದ್ಘಾಟನೆಯಾಯಿತು. ಚೆಂಡು ಹೂವಿನ ತೋರಣ, ಕರಿಕಲ್ಲಿನ ಫಲಕ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರುಗಳು. ಆ ರಸ್ತೆಯ ಮೇಲೆ ನಾನು ಎಷ್ಟೋ ಸಲ ಹೋಗಿದ್ದೇನೆ. ಕಾರುಗಳು ಆ ಮೋರಿಯ ಮೇಲೆ ಬರ್ರನೆ ದಾಟಿಹೋಗುತ್ತವೆ. ಕೆಳಗೊಂದು ಮೋರಿ ಇದೆಯೆಂದೇ ಯಾರಿಗೂ ತಿಳಿಯುವುದಿಲ್ಲ.

ಆಪರೇಟರನ ಕೇಸು ಕೋರ್ಟಿಗೆ ಹೋಯಿತು. ತಾರೀಖಿನ ಮೇಲೆ ತಾರೀಖು. ನನಗೆ ಬೇರೆ ಕಡೆ ಕೆಲಸ ಸಿಕ್ಕಿತು. ಕೆಲವು ತಾರೀಖುಗಳಿಗೆ ಹೋಗಲಾಗುತ್ತಿರಲಿಲ್ಲ. ಹವಾಲ್ದಾರರು ಒಂದನ್ನೂ ತಪ್ಪಿಸಲಿಲ್ಲ. ಅವರಾಗ ಒಂದು ಹೌಸಿಂಗ್ ಸೊಸೈಟಿಯಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ್ದರು. ರಜೆ ಹಾಕಿ ಹೋಗಿ, ಆಪರೇಟರನನ್ನು ಆಟೋದಿಂದ ಎರಡೂ ಕೈಯಲ್ಲಿ ಎತ್ತಿ, ಕೋರ್ಟಿನ ಮೆಟ್ಟಿಲು ಹತ್ತಿಸುತ್ತಿದ್ದರು. ಕಂಪನಿಯ ವಕೀಲ ಒಂದು ಸಲ, "ನೀವು ಇವರಿಗೆ ಏನಾಗಬೇಕು?" ಎಂದು ವ್ಯಂಗ್ಯವಾಗಿ ಕೇಳಿದ. "ನನ್ನ ಸೀಟಿನಲ್ಲಿ ಕೂತಿದ್ದ ಸಾಬ್" ಎಂದರಂತೆ ಹವಾಲ್ದಾರರು.

ನನ್ನ ಸರದಿ ಬಂದಾಗ ಅದೇ ವಕೀಲ ಆ ಕಾಗದ ಎತ್ತಿಹಿಡಿದು, ಅಪಘಾತದ ನಂತರ ಯಾಕೆ ಸಹಿ ಹಾಕಿದಿರಿ ಎಂದ. ಮುಂಚೆ ಹಾಕುವ ಧೈರ್ಯ ಇರಲಿಲ್ಲ, ಅದಕ್ಕೆ ಎಂದೆ. ಅವನು ಕಾಗದವನ್ನು ಕಡತಕ್ಕೆ ಸೇರಿಸಿ ಕೂತ. ಹೊರಗೆ ಬಂದಾಗ ಹವಾಲ್ದಾರರು ಒಂದು ಕಪ್ ಚಹಾ ಕೈಗಿಟ್ಟು ಪಕ್ಕದಲ್ಲಿ ನಿಂತರು. ಅವರು ನನ್ನನ್ನು ಹೊಗಳಿದ್ದು ಎಂದರೆ ಅದೊಂದೇ ಸಲ, ಅದೂ ಹೀಗೆ.

ನಾನು ಇವತ್ತು ಮಾಡುವ ಕೆಲಸ ರಸ್ತೆ ಕಾಮಗಾರಿಗಳ ಸುರಕ್ಷತೆ ಪರೀಕ್ಷಿಸುವುದು. ನನ್ನ ಕಿರಿಯರಿಗೆ ನಾನು ಮೊದಲು ಹೇಳಿಕೊಡುವುದು ಯಂತ್ರ ಹತ್ತುವುದನ್ನು, ಎರಡನೆಯದು ತಾರೀಖು ಬರೆಯುವುದನ್ನು. ಅವರು ನಗುತ್ತಾರೆ. ನಗಲಿ.

ಹವಾಲ್ದಾರರು ತೀರಿಹೋದದ್ದು ಒಂದು ಚಳಿಗಾಲದಲ್ಲಿ, ಹೃದಯಾಘಾತದಿಂದ. ಬೆಳಗಿನ ಮಂಜಿನಲ್ಲಿ ಹಾಲು ತರಲು ಹೋದವರು ಬೂತಿನ ಮುಂದೆ ಕುಸಿದರು. ಸೈನಿಕ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ಮುಂದಿನ ವಾರ ಕೋರ್ಟಿನ ತಾರೀಖಿತ್ತು. ಅಂತ್ಯಸಂಸ್ಕಾರದ ದಿನ ಆಪರೇಟರ್ ಗಾಲಿಕುರ್ಚಿಯಲ್ಲಿ ಬಂದು, ಅವರ ಪಾದ ಹಿಡಿದುಕೊಂಡು, ಯಾರು ಬಿಡಿಸಿದರೂ ಬಿಡದೆ ಕೂತಿದ್ದ.

ತೀರ್ಪು ಬಂದದ್ದು ಅದರ ಮುಂದಿನ ಚಳಿಗಾಲಕ್ಕೆ. ಮ್ಯಾನೇಜರನ ಆದೇಶದಂತೆಯೇ ಪಂಜರ ಕತ್ತರಿಸಲಾಗಿತ್ತು, ಚಾವಣಿಯ ಬಿರುಕು ಮೊದಲೇ ತಿಳಿದಿತ್ತು, ಆಪರೇಟರನ ತಪ್ಪೇನೂ ಇಲ್ಲ, ಅವನಿಗೆ ಪರಿಹಾರ ಸಲ್ಲಬೇಕು ಎಂದು ಅದರಲ್ಲಿತ್ತು. ನಾನು ಅದರ ಪ್ರತಿ ಹಿಡಿದು ಮಯೂರ್ ವಿಹಾರಕ್ಕೆ ಹೋದೆ. ಆಂಟಿ ಬಿಸಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಇಂಗ್ಲಿಷಿನ ಆ ಉದ್ದುದ್ದ ವಾಕ್ಯಗಳನ್ನು ಕನ್ನಡ ಮಾಡಿ ಓದಿ ಹೇಳಿದೆ. ಅವರು ಖುಷಿಪಡುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅವರು ಬಟಾಣಿ ಬಿಡಿಸುವುದನ್ನು ನಿಲ್ಲಿಸಿ, ಪೂರ್ತಿ ಕೇಳಿ, ನನ್ನ ಮುಖ ನೋಡಿದರು.

"ಇಷ್ಟೇನಾ? ಇದನ್ನ ಇವರು ಅವತ್ತೇ ಬರ್ಕೊಟ್ಟಿದ್ರಲ್ಲ, ಮೂರು ಸಾಲಲ್ಲಿ. ಅದನ್ನ ಓದೋಕೆ ಅವರಿಗೆಲ್ಲ ಐದು ವರ್ಷ ಬೇಕಾಯ್ತಾ?"

ನಾನು ತೀರ್ಪಿನ ಪ್ರತಿಯನ್ನು ಮಡಚಿದೆ. ಆ ಮೂರು ಸಾಲನ್ನು ಎಲ್ಲರಿಗಿಂತ ಮೊದಲು ಓದಿದವಳು ನಾನು.